ಕವಚ ಸೀಳುವ ಗನ್ನು

ಮೊನ್ನೆ ಅಕ್ಕನ ಮಗ ಫೋನಿನಲ್ಲಿ ನನ್ನನ್ನೂ ಜೊತೆಗೆ ಸೇರಿಸಿಕೊಂಡು ಗೇಮ್ ಆಡುತ್ತಾ, "ಮಾವ, ಈ ಗನ್ನು ಕವಚ ಸೀಳುತ್ತೆ" ಎಂದು ಪಾಠ ಹೇಳಿದ. ಅದೂ ನನಗೆ!

ನಾನು ಹುಡುಗನಾಗಿದ್ದಾಗ ಹುಣಸೂರಿನ ವಿಡಿಯೋ ಗೇಮ್ ಅಂಗಡಿಯಲ್ಲಿ ನನ್ನಂಥ ಗುರಿಗಾರ ಇನ್ನೊಬ್ಬನಿರಲಿಲ್ಲ. ಜೊತೆಗೆ ಆಡುತ್ತಿದ್ದವನು ನಮ್ಮೂರಿನ ಮಂಜ. ಕವಚ ತೊಟ್ಟ ರಾಕ್ಷಸನಿಗೆ ಮಾಮೂಲಿ ಗುಂಡು ನಾಟುತ್ತಿರಲಿಲ್ಲ. ಕವಚ ಸೀಳುವ ಗನ್ನು ಆಟದ ನಡುವೆ ಪರದೆಯಲ್ಲಿ ಒಂದೇ ಒಂದು ಬೀಳುತ್ತಿತ್ತು, ಅದನ್ನು ನಾನೇ ಬಾಚಿಕೊಳ್ಳುತ್ತಿದ್ದೆ. ಮಂಜ ಮುಂದೆ ನಿಂತು ಏಟು ತಿನ್ನುತ್ತಿದ್ದ. ನಾನು ಹಿಂದಿನಿಂದ ಹೊಡೆದು, ಇಲ್ಲದ ಮೀಸೆ ತಿರುವುತ್ತಿದ್ದೆ.

"ಒಂದ್ಸಲ ನಂಗ್ ಬುಡ್ಲಾ" ಎಂದು ಒಂದು ದಿನ ಮಂಜ ಕೇಳಿದ.

"ನಿನ್ ಕೈ ತುಂಬ ಹೊಗೆಸೊಪ್ಪು ಕಿತ್ತ ಅಂಟು ಕಣ್ಲಾ, ಬಟನ್ ಕಚ್ಕತದೆ. ಬರೋ ವಾರ ತಗೊಳ್ಳುವಂತೆ."

ಆ ವಾರವೇ ಮಂಜನಿಗೆ ಕಾಮಾಲೆ ಬಂತು. ಅವನು ಉಳಿಯಲಿಲ್ಲ.

ಆಮೇಲೊಂದು ಭಾನುವಾರ ಒಬ್ಬನೇ ಆಡಲು ಹೋದೆ. ಗನ್ನು ಬಿತ್ತು. ನಾನು ಮುಟ್ಟಲಿಲ್ಲ. ಅದು ಮಿಣುಕಿ ಮಿಣುಕಿ ಮಾಯವಾಯಿತು.

"ಬೇಗ ತಗೊಳ್ಳಿ ಮಾವ!" ಎಂದು ಅಕ್ಕನ ಮಗ ಕೂಗಿದ. ಫೋನಿನಲ್ಲೂ ಆ ಗನ್ನು ಬಿದ್ದಿತ್ತು.

"ನೀನೇ ತಗೊ ಕಣಪ್ಪ, ನಾನು ಮುಂದೆ ನಿಂತ್ಕತೀನಿ" ಎಂದೆ.