ಹಿಂದಿನ ಆಕ್ಸಲ್‌ಗೆ ಮಾತ್ರ

ನನ್ನ ಅಕ್ಕನ ಗಂಡ ಕುಣಿಗಲ್‌ನಲ್ಲಿ ಜೀಪು ಓಡಿಸುತ್ತಿದ್ದರು. ಮಿಲಿಟರಿಯವರು ಹರಾಜು ಹಾಕಿದ್ದ ಹಳೆಯ ಪೆಟ್ರೋಲ್ ಜೀಪು. ಬೆಳಗ್ಗೆ ಬಸ್ ನಿಲ್ದಾಣದ ಹತ್ತಿರ ನಿಲ್ಲಿಸಿಕೊಂಡು, ಹುತ್ರಿದುರ್ಗದ ಕಡೆಯ ಹಳ್ಳಿಗಳಿಗೆ ಜನರನ್ನೂ ಗೊಬ್ಬರದ ಮೂಟೆಗಳನ್ನೂ ಹೇರಿಕೊಂಡು ಹೋಗುವುದು ಅವರ ಕಸುಬು. ನನ್ನದು ತುಮಕೂರಿನಲ್ಲಿ ಒಂದು ತಗಡಿನ ಶೆಡ್. ಲಾರಿ, ಜೀಪುಗಳ ಗೇರ್‌ಬಾಕ್ಸ್ ಮತ್ತು ಆಕ್ಸಲ್ ಕೆಲಸ ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಎಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿತ್ತು. ನನಗೆ ಮೂವತ್ತು ತುಂಬಿತ್ತು, ಭಾವನಿಗೆ ನಲವತ್ತರ ಹತ್ತಿರ.

ಅವರು ಹೋಗುವ ದಾರಿಯಲ್ಲಿ ಒಂದು ಏರು ಇತ್ತು. ಗಾಡಿ ಚಕ್ರಗಳು ಕೊರೆದ ಎರಡು ಹಳ್ಳ, ನಡುವೆ ಎದ್ದ ಕಲ್ಲು. ಆ ಕಲ್ಲಿಗೆ ಜೀಪಿನ ಹಿಂದಿನ ಆಕ್ಸಲ್ಲಿನ ಉಬ್ಬು, ನಾವು ಹೌಸಿಂಗ್ ಅನ್ನುತ್ತೇವಲ್ಲ ಅದು, ತಗುಲಿ ಎರಡು ಸಲ ಬಿರುಕು ಬಿಟ್ಟಿತ್ತು. ಎರಡು ಸಲವೂ ವೆಲ್ಡಿಂಗ್ ಮಾಡಿಕೊಟ್ಟಿದ್ದೆ. ಮೂರನೆಯ ಸಲ ಭಾವ ಬಂದಾಗ ಹಿಂದುಗಡೆ ನಾಲ್ಕು ದೊಡ್ಡ ಟೈರುಗಳನ್ನು ಹೇರಿಕೊಂಡು ಬಂದಿದ್ದರು.

“ಗಾಡಿ ಒಂದೂವರೆ ಇಂಚು ಮೇಲಕ್ಕೆ ಎದ್ರೆ ಸಾಕು ಕಣೋ ಭಾಮೈದ, ಆ ಕಲ್ಲು ದಾಟೋಗುತ್ತೆ” ಎಂದರು.

ಟೈರು ಹಾಕಿದೆವು. ಗಾಡಿಯೇನೋ ಎದ್ದು ನಿಂತಿತು. ಆದರೆ ರಸ್ತೆಗೆ ಇಳಿಸಿದ ಕೂಡಲೇ ಎಂಜಿನ್ ಏದುಸಿರು ಬಿಡತೊಡಗಿತು. ಸಣ್ಣ ಏರಿಗೂ ಗೇರು ಇಳಿಸಬೇಕಾಯಿತು. ಭಾವನ ಮುಖ ಸಪ್ಪಗಾಯಿತು.

ನನಗೆ ಕಾರಣ ಗೊತ್ತಿತ್ತು. ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಅದು ಕ್ರಮಿಸುವ ದೂರ ಹೆಚ್ಚು. ಆ ಹೆಚ್ಚಿನ ದೂರದ ಭಾರವನ್ನೆಲ್ಲ ಎಂಜಿನ್ನೇ ಹೊರಬೇಕು. ಅದನ್ನು ಸರಿದೂಗಿಸಬೇಕಾದರೆ ಆಕ್ಸಲ್ ಒಳಗಿನ ಹಲ್ಲುಚಕ್ರಗಳನ್ನು, ಅಂದರೆ ಕ್ರೌನ್ ಮತ್ತು ಪಿನಿಯನ್ನನ್ನು, ಬದಲಾಯಿಸಬೇಕು. ಹೌಸಿಂಗ್ ಮುಚ್ಚಳ ಬಿಚ್ಚಿ ಎಣಿಸಿದೆ. ಪಿನಿಯನ್ನಿಗೆ ಎಂಟು ಹಲ್ಲು, ಕ್ರೌನಿಗೆ ಮೂವತ್ತೊಂಬತ್ತು. ಹಳೆಯ ಟೈರು ಇಪ್ಪತ್ತೆಂಟು ಇಂಚು ಎತ್ತರ, ಹೊಸದು ಮೂವತ್ತೊಂದು. ಪ್ಲಗ್ಗಿನ ಡಬ್ಬಿಯ ರಟ್ಟಿನ ಮೇಲೆ ಗುಣಿಸಿ ಭಾಗಿಸಿ ನೋಡಿದರೆ ಕ್ರೌನಿಗೆ ನಲವತ್ತಮೂರು ಹಲ್ಲು ಬೇಕು ಅಂತ ಬಂತು. ಅಂಥದೊಂದು ಜೊತೆ ನಿಜವಾಗಿಯೂ ಇತ್ತು; ಬೇರೆ ಮಾದರಿಯ ಜೀಪುಗಳಿಗೆ ಕಂಪನಿಯಿಂದಲೇ ಹಾಕಿ ಬರುತ್ತಿತ್ತು. ಲೆಕ್ಕ ಅಷ್ಟು ಚೊಕ್ಕವಾಗಿ ಕೂತಿದ್ದು ಕಂಡು ನನಗೆ ಖುಷಿಯಾಯಿತು. ಆ ಖುಷಿಯೇ ಮುಂದಿನದಕ್ಕೆಲ್ಲ ಮೂಲ ಅಂತ ಈಗ ಅನ್ನಿಸುತ್ತದೆ.

ಊರಿನಲ್ಲಿ ಹಳೆಯ ಗಾಡಿಗಳ ಸಾಮಾನು ಮಾರುವ ಒಬ್ಬ ಸಾಬರಿದ್ದರು. ಎಂಟು–ನಲವತ್ತಮೂರು ಅಂದ ತಕ್ಷಣ ಒಳಗೆ ಹೋಗಿ, ಗೋಣಿಚೀಲದಲ್ಲಿ ಸುತ್ತಿಟ್ಟ ಒಂದು ಜೊತೆ ತಂದರು. ಹಲ್ಲುಗಳು ಚೆನ್ನಾಗಿದ್ದವು.

“ಇದು ಹಿಂದಕ್ಕೆ. ಮುಂದಿನ ಆಕ್ಸಲ್‌ದು ನನ್ನತ್ರ ಇಲ್ಲ. ಹದಿನೈದು ದಿನ ಕೊಡಿ, ಹುಡುಕಿಸ್ತೀನಿ” ಎಂದರು.

ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿಯಲ್ಲಿ ಮುಂದೆ ಹಿಂದೆ ಎರಡೂ ಕಡೆ ಒಂದೇ ಅಳತೆಯ ಹಲ್ಲು ಇರಲೇಬೇಕು. ಇಲ್ಲದಿದ್ದರೆ ಮುಂದಿನ ಚಕ್ರ ಒಂದು ವೇಗ ಕೇಳುತ್ತದೆ, ಹಿಂದಿನದು ಇನ್ನೊಂದು, ನಡುವೆ ಏನಾದರೊಂದು ಮುರಿಯುತ್ತದೆ. ಭಾವನಿಗೆ ಅದನ್ನೇ ಹೇಳಿ, ಅಲ್ಲಿಯತನಕ ಹಳೆಯ ಟೈರೇ ಹಾಕಿಕೊಂಡು ಹೋಗಿ ಅಂದೆ.

“ಬಿತ್ತನೆ ಟೈಮು ಕಣೋ. ಗೊಬ್ಬರಕ್ಕೆ ಜನ ಕಾಯ್ಕೊಂಡವ್ರೆ. ಹಳೇ ಟೈರಲ್ಲಿ ಹೋದ್ರೆ ಮತ್ತೆ ಹೌಸಿಂಗ್ ಒಡೆಯುತ್ತೆ. ಹಿಂದಕ್ಕೆ ಹಾಕ್ಬುಡು. ಮುಂದಿನ ಶಾಫ್ಟ್ ಬಿಚ್ಚಾಕು.”

ಮುಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಶಾಫ್ಟ್ ಬಿಚ್ಚಿಟ್ಟರೆ ಜೀಪು ಎರಡೇ ಚಕ್ರದ ಎಳೆತದಲ್ಲಿ ಓಡುತ್ತದೆ. ಓಡುವುದಕ್ಕೇನೂ ತೊಂದರೆಯಿಲ್ಲ. ಒದ್ದೆ ಏರಿನಲ್ಲಿ ಮಾತ್ರ ಮುಂದಿನಿಂದ ಜಗ್ಗುವುದು ಏನೂ ಇರುವುದಿಲ್ಲ. ಆಗುವುದಿಲ್ಲ ಅಂತ ನಾನು ಹೇಳಬಹುದಿತ್ತು. ಭಾವ ನನ್ನ ಮಾತು ಮೀರುವವರಲ್ಲ. ಆದರೆ ನನ್ನ ಲೆಕ್ಕ ರಸ್ತೆಯ ಮೇಲೆ ಸರಿಹೋಗುತ್ತದೋ ಇಲ್ಲವೋ ನೋಡುವ ಆಸೆ ನನಗೇ ಇತ್ತು.

ಎರಡು ದಿನ ಹಿಡಿಯಿತು. ಹಲ್ಲುಗಳು ಕಚ್ಚುವ ಜಾಗಕ್ಕೆ ಬಣ್ಣ ಬಳಿದು, ತಿರುಗಿಸಿ ನೋಡಿ, ತೆಳ್ಳನೆಯ ತಗಡು ಸೇರಿಸಿ ತೆಗೆದು ಕೂರಿಸಿದೆ. ಆಮೇಲೆ ಇಬ್ಬರೂ ಗುಬ್ಬಿಯವರೆಗೆ ಹೋಗಿಬಂದೆವು. ಎಂಜಿನ್ ಹಗುರಾಗಿ ಹಾಡಿಕೊಂಡಂತೆ ಹೋಯಿತು. ಗುಬ್ಬಿಯ ಹೋಟೆಲಿನಲ್ಲಿ ದೋಸೆ ತಿನ್ನುತ್ತಾ ಭಾವ ನನ್ನ ಬೆನ್ನು ತಟ್ಟಿದರು. ಹೊರಡುವಾಗ ನಾನು, “ಮಳೆ ಬಂದ್ರೆ ಆ ಏರಿಗೆ ಹೋಗ್ಬೇಡಿ ಭಾವ, ಮುಂದಿನ ಸೆಟ್ ಬರೋತನಕ” ಅಂದೆ. ಅವರು “ಆಯ್ತು ಬುಡು” ಅಂದರು. ನಾನು ಅದನ್ನು ಎರಡನೆಯ ಸಲ ಹೇಳಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ಏರಿನ ಮಧ್ಯದಲ್ಲಿ ಮಳೆ ಹಿಡಿದುಕೊಂಡಿತಂತೆ. ಹಿಂದೆ ಹತ್ತು ಮೂಟೆ ಗೊಬ್ಬರ, ಪಕ್ಕದಲ್ಲಿ ಅದರ ರೈತ. ಮರುದಿನ ಆಸ್ಪತ್ರೆಗೆ ಬಂದಿದ್ದ ಆ ರೈತನೇ ನನಗೆ ಹೇಳಿದ್ದು: “ಚಕ್ರ ಮುಂದಕ್ಕೇ ತಿರುಗ್ತಿತ್ತು ಸ್ವಾಮಿ, ಗಾಡಿ ಹಿಂದಕ್ಕೆ ಹೋಗ್ತಿತ್ತು. ‘ನೀನು ನೆಗೆದ್ಬುಡು’ ಅಂದ್ರು. ನಾನು ನೆಗೆದೆ. ಅವ್ರು ಬ್ರೇಕು ಬುಡ್ಲಿಲ್ಲ.”

ಜೀಪು ಜಾರಿ, ಅಡ್ಡ ತಿರುಗಿ, ಪಕ್ಕದ ಹಳ್ಳಕ್ಕೆ ಮಗುಚಿತ್ತು. ಭಾವನ ಎಡತೊಡೆ ಎರಡು ಕಡೆ ಮುರಿದಿತ್ತು, ಮಂಡಿ ನುಜ್ಜಾಗಿತ್ತು. ಕುಣಿಗಲ್‌ನಿಂದ ತುಮಕೂರಿಗೆ ಕರೆತಂದರು. ನಾಲ್ಕು ತಿಂಗಳು ಮಲಗಿದ್ದರು.

ಆಸ್ಪತ್ರೆಯ ವರಾಂಡದಲ್ಲಿ ಅಕ್ಕ ನನ್ನನ್ನು ಒಂದೇ ಮಾತು ಕೇಳಿದಳು.

“ಹಿಂಗಾಗ್ಬೋದು ಅಂತ ನಿಂಗೆ ಗೊತ್ತಿತ್ತೇನೋ?”

“ಗೊತ್ತಿತ್ತು” ಅಂದೆ.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಊಟದ ಕ್ಯಾರಿಯರ್ ತೆಗೆದುಕೊಂಡು ಒಳಗೆ ಹೋದಳು. ಆಮೇಲೆ ಬಹಳ ಕಾಲ ನನ್ನೊಡನೆ ಮಾತಾಡಲಿಲ್ಲ. ಮನೆಗೆ ಹೋದರೆ ತಟ್ಟೆ ಹಾಕುತ್ತಿದ್ದಳು, ಮುದ್ದೆ ಇಡುತ್ತಿದ್ದಳು, ಸಾರು ಬಡಿಸುತ್ತಿದ್ದಳು. ಮಾತು ಮಾತ್ರ ಇಲ್ಲ.

ಭಾವ ಆಸ್ಪತ್ರೆ ಸೇರಿ ಒಂದು ವಾರವಾಗುವುದರೊಳಗೆ ಸಾಬರು ಹೇಳಿಕಳಿಸಿದರು. ಮುಂದಿನ ಆಕ್ಸಲ್ಲಿನ ಜೊತೆ ಸಿಕ್ಕಿತ್ತು. ಹೋಗಿ ತಂದೆ. ಟ್ರ್ಯಾಕ್ಟರ್ ಕಟ್ಟಿ ಜೀಪನ್ನು ಹಳ್ಳದಿಂದ ಎಳೆಸಿದೆ, ಸೊಟ್ಟಾದದ್ದನ್ನು ನೆಟ್ಟಗೆ ಮಾಡಿದೆ, ಮುಂದಕ್ಕೂ ಎಂಟು–ನಲವತ್ತಮೂರು ಕೂರಿಸಿ ಶಾಫ್ಟ್ ಜೋಡಿಸಿದೆ. ಅದೇ ಮಳೆಗಾಲ ಮುಗಿಯುವ ಮುನ್ನ, ಒಂದು ಬೆಳಗ್ಗೆ ನೆಲ ಇನ್ನೂ ಹಸಿಯಾಗಿರುವಾಗಲೇ, ಅಷ್ಟೇ ಭಾರಕ್ಕೆ ಮರಳಿನ ಚೀಲ ಹೇರಿಕೊಂಡು ಒಬ್ಬನೇ ಆ ಏರಿಗೆ ಹೋದೆ. ಕಡಿದಾದ ಏರಿಗೆಂದೇ ಇರುವ ಲೋ ಗೇರಿನ ಸೆಕೆಂಡಿನಲ್ಲಿ ಗಾಡಿ ಒಂದು ಸಲವೂ ಜಾರದೆ ಮೇಲಕ್ಕೆ ಹತ್ತಿಬಿಟ್ಟಿತು.

ಹತ್ತಬಾರದಿತ್ತು ಅನ್ನಿಸಿತು. ಜಾರಿದ್ದರೆ ದಾರಿಯೇ ಅಂಥದು ಅಂದುಕೊಳ್ಳಬಹುದಿತ್ತು. ಎಂಜಿನ್ ನಿಲ್ಲಿಸಿ, ದುರ್ಗದ ಬಂಡೆಯ ಕಡೆ ನೋಡುತ್ತಾ ಕೂತೆ. ಆಮೇಲೆ ಗಾಡಿ ತಿರುಗಿಸಿಕೊಂಡು ಕೆಳಗಿಳಿದೆ.

ಭಾವನಿಗೆ ಹೇಳದೆ ಇರಲಾಗಲಿಲ್ಲ. ಹಾಸಿಗೆಯ ಪಕ್ಕ ಕೂತು, ಗಾಡಿ ಏರು ಹತ್ತಿತು ಅಂದೆ.

“ಯಾವ ಗೇರಲ್ಲಿ?”

“ಲೋ ಸೆಕೆಂಡ್.”

“ನಿನ್ ಲೆಕ್ಕ ಸರಿಯಾಗೇ ಇತ್ತು. ಅವಸರ ನಂದು” ಎಂದು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಆ ಮಾತು ನನ್ನ ಸಮಾಧಾನಕ್ಕೆ ಹೇಳಿದ್ದು ಅಂತ ಇಬ್ಬರಿಗೂ ಗೊತ್ತಿತ್ತು.

ಎಡಮಂಡಿ ಮತ್ತೆ ಮಡಚಲಿಲ್ಲ. ಕ್ಲಚ್ ಒತ್ತುವುದು ಆ ಕಾಲು. ಜೀಪನ್ನು ಚೇಳೂರಿನ ಕಡೆಯ ತೋಟದವರೊಬ್ಬರಿಗೆ ಕೊಟ್ಟುಬಿಟ್ಟರು. ಕುಣಿಗಲ್‌ನ ಮನೆ ಬಿಟ್ಟು ಗುಬ್ಬಿಗೆ ಹೋಗಿ ಬಾಡಿಗೆ ಸೈಕಲ್ ಅಂಗಡಿ ಇಟ್ಟರು. ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ರಸ್ತೆಯಲ್ಲಿ ಯಾವುದಾದರೂ ಜೀಪು ಹೋದರೆ, ಪಂಕ್ಚರ್ ಹಾಕುತ್ತಿದ್ದ ಕೈ ನಿಲ್ಲಿಸಿ ಅದರ ಸದ್ದು ಮರೆಯಾಗುವ ತನಕ ಕೇಳುತ್ತಿದ್ದರು. ಆಗ ನಾನು ಬೇರೆ ಕಡೆ ನೋಡುತ್ತಿದ್ದೆ.

ನಾಲ್ಕೈದು ವರ್ಷವಾದ ಮೇಲೆ ಒಂದು ಸಂಜೆ ನಾನು ಬಸ್ಸಿಗೆ ಹೊರಟಾಗ ಅಕ್ಕ ಬಾಗಿಲ ತನಕ ಬಂದಳು. “ಮೋಡ ಆಗೈತೆ. ಛತ್ರಿ ತಗೊಂಡೋಗು” ಅಂದಳು. ನಾನು ಕೈ ಚಾಚಿ ಈಸಿಕೊಂಡೆ. ಆಸ್ಪತ್ರೆಯ ವರಾಂಡದ ನಂತರ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು. ಅಷ್ಟರಲ್ಲಿ ಅವಳು ಒಳಗೆ ಹೋಗಿ, ಒಲೆ ಊದುತ್ತಿರುವುದು ಕೇಳಿಸಿತು.