ವಿಮಲಾಬಾಯಿಯವರ ಶಾಲು

ಆ ಶಾಲು ನನ್ನದಲ್ಲ. ಕಲಘಟಗಿಯ ಗುಣಗೌರವ ಸಮಾರಂಭದಲ್ಲಿ, ತಾಲೂಕಿನ ಶಿಕ್ಷಕರೆಲ್ಲರ ಎದುರಿಗೆ ನನಗೆ ಹೊದಿಸಿದ ಆ ಶಾಲು ನಮ್ಮ ಶಾಲೆಯ ಶಿಕ್ಷಕಿ ವಿಮಲಾಬಾಯಿ ಅಕ್ಕೋರಿಗೆ ಸಲ್ಲಬೇಕಾಗಿತ್ತು. ಅದು ಗೊತ್ತಿದ್ದೂ ಹೊದ್ದುಕೊಂಡೆ. ಗೊತ್ತಿದ್ದೂ — ಈ ಮಾತನ್ನು ಮೊದಲೇ ಬರೆದುಬಿಡುತ್ತೇನೆ. ಏಕೆಂದರೆ ಇದನ್ನು ನಾನು ಹೇಳಹೊರಟಾಗಲೆಲ್ಲ ಕೇಳಿದವರು ನನ್ನನ್ನು ಇನ್ನಷ್ಟು ದೊಡ್ಡ ಮನುಷ್ಯನನ್ನಾಗಿ ಮಾಡಿ ಮನೆಗೆ ಕಳಿಸಿದ್ದಾರೆ. ಸಾಕಾಗಿಹೋಗಿದೆ.

ಎಪ್ಪತ್ತರ ದಶಕದ ನಡುವಿನ ಮಾತು. ಕಲಘಟಗಿ ತಾಲೂಕಿನಲ್ಲಿ, ಅಡವಿಗೆ ಹತ್ತಿದ ಒಂದು ಹಳ್ಳಿಯ ಸರಕಾರಿ ಶಾಲೆಗೆ ನಾನು ಮುಖ್ಯಾಧ್ಯಾಪಕನಾಗಿ ಬಂದಿದ್ದೆ. ವಯಸ್ಸು ಚಿಕ್ಕದು, ಕುರ್ಚಿ ಹೊಸದು. ಶಾಲೆಯಲ್ಲಿ ಹುಡುಗರು ಕಿಕ್ಕಿರಿದಿದ್ದರು. ಹುಡುಗಿಯರು ಮಾತ್ರ ಐದನೆಯ ಇಯತ್ತೆ ದಾಟುತ್ತಲೇ ಒಬ್ಬೊಬ್ಬರಾಗಿ ಮಾಯವಾಗುತ್ತಿದ್ದರು. ತಂಗಿಯನ್ನು ಎತ್ತಿಕೊಳ್ಳಬೇಕು, ನಾಟಿಗೆ ಹೋಗಬೇಕು, ಮದುವೆ ಗೊತ್ತಾಗಿದೆ — ಹೀಗೆ ಏನೋ ಒಂದು. ನಾನು ಮನೆಮನೆಗೆ ಹೋಗಿ ವಿದ್ಯೆಯ ಮಹತ್ವ ಹೇಳಿ ಬರುತ್ತಿದ್ದೆ. ಎಲ್ಲರೂ ಚಹಾ ಕೊಟ್ಟು, ಹೌದ್ರಿ ಹೌದ್ರಿ ಎನ್ನುತ್ತಿದ್ದರು. ಹುಡುಗಿಯರು ಬರುತ್ತಿರಲಿಲ್ಲ.

ವಿಮಲಾಬಾಯಿಯವರು ಧಾರವಾಡದ ಕಡೆಯಿಂದ ವರ್ಗವಾಗಿ ಬಂದರು. ಗಂಡ ತೀರಿಕೊಂಡಿದ್ದ; ಮುದುಕಿ ತಾಯಿಯನ್ನು ಕಟ್ಟಿಕೊಂಡು ಒಂದು ಬಾಡಿಗೆ ಖೋಲಿಯಲ್ಲಿದ್ದರು. ಟ್ರೇನಿಂಗ್ ಕಾಲೇಜಿನಲ್ಲಿ ಖೋ ಖೋ ಆಡಿದವರಂತೆ. ಬಂದ ಕೆಲವೇ ದಿನಗಳಲ್ಲಿ ಶಾಲೆಯ ಮುಂದಿನ ಬಯಲಿನಲ್ಲಿ ಎರಡು ಕಂಬ ನೆಡಿಸಿದರು. ಸೆರಗು ಸೊಂಟಕ್ಕೆ ಬಿಗಿದು, ಕೊರಳಲ್ಲಿ ಕರಿದಾರದ ಸೀಟಿ ಹಾಕಿಕೊಂಡು ಸಂಜೆ ಹೊತ್ತು ಹುಡುಗಿಯರನ್ನು ಆಡಿಸತೊಡಗಿದರು. ಅವರದು ಒಂದೇ ಕರಾರು: ಆಟಕ್ಕೆ ಬರಬೇಕಾದರೆ ಬೆಳಿಗ್ಗೆ ಪಾಠಕ್ಕೂ ಬರಬೇಕು.

ಬಂದರು. ನಾನು ಎಷ್ಟು ತಿರುಗಿದರೂ ಬಾರದವರು ತಾವಾಗಿಯೇ ಬಂದರು. ಬಿಟ್ಟುಹೋದವರೂ ಬಂದರು, ಕಂಕುಳಲ್ಲಿ ತಂಗಿಯನ್ನು ಎತ್ತಿಕೊಂಡು. ಅದನ್ನು ನೋಡಿ ನಾನು ಸಂತೋಷಪಡಬೇಕಾಗಿತ್ತಲ್ಲವೇ? ನನ್ನ ಶಾಲೆಯೇ ಅಲ್ಲವೇ ಅದು? ಆದರೆ ಸಂಜೆ ಆ ಸೀಟಿ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ತಂಡದಲ್ಲಿ ಎಲ್ಲರಿಗಿಂತ ಚುರುಕಾದವಳು ಕಲ್ಲವ್ವ. ಸಣಕಲು ಹುಡುಗಿ, ಓಡುವಾಗ ಕಣ್ಣಿಗೆ ಸಿಗುತ್ತಿರಲಿಲ್ಲ. ಒಂದು ದಿನ ನಾನು ಅವಳ ತಂದೆಯ ಹೊಲಕ್ಕೇ ಹೋದೆ. ಕೆಲಸವಿತ್ತೆಂದು ಹೋದದ್ದಲ್ಲ, ಈ ಮಾತು ಹೇಳಲಿಕ್ಕೆಂದೇ ಹೋದೆ:

"ವಯಸ್ಸಿಗೆ ಬಂದ ಹುಡುಗಿ ಲಂಗಾ ಎತ್ತಿ ಕಟ್ಟಿ ಹಿಂಗ ಬೈಲಾಗ ಓಡೂದು ಚಂದ ಕಾಣ್ತೈತೇನ್ರಿ? ನಾ ಹೇಳೂದು ಹೇಳೀನಿ. ಮುಂದ ನಿಮ್ಮ ಮರ್ಜಿ."

ಆತ ಹುಡುಗಿಯನ್ನು ಶಾಲೆಯಿಂದಲೇ ಬಿಡಿಸಿದ. ನಾನು ಬಯಸಿದ್ದು ಅಷ್ಟಲ್ಲ — ಅಥವಾ ಅಷ್ಟೇ ಇರಬಹುದು, ಇಂದಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ವಿಮಲಾಬಾಯಿ ಕಲ್ಲವ್ವನ ಮನೆಯ ಕಟ್ಟೆಯ ಮೇಲೆ ಹೋಗಿ ಕೂತರು. ಆತ ಹ್ಞೂಂ ಅನ್ನುವವರೆಗೂ ಏಳಲಿಲ್ಲವಂತೆ. ಆ ಮಾತು ಹೇಳಿದವನು ಯಾರೆಂದು ಆತ ಅವರಿಗೆ ತಿಳಿಸದೆ ಇರಲಿಕ್ಕಿಲ್ಲ. ಮರುದಿನ ಕಲ್ಲವ್ವನನ್ನು ಕರೆದುಕೊಂಡು ಬಂದ ವಿಮಲಾಬಾಯಿ ನನಗೆ ಎಂದಿನಂತೆ ನಮಸ್ಕಾರ ಹೇಳಿದರು. ಏನೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

ಆ ವರ್ಷ ನಮ್ಮ ಹುಡುಗಿಯರು ತಾಲೂಕಿನಲ್ಲಿ ಗೆದ್ದರು. ಧಾರವಾಡಕ್ಕೆ ಹೋಗಿ ಜಿಲ್ಲೆಗೇ ಮೊದಲಿಗರಾಗಿ ಬಂದರು. ನಾನು ಧಾರವಾಡಕ್ಕೆ ಹೋಗಲಿಲ್ಲ, ಕಚೇರಿ ಕೆಲಸದ ನೆಪ ಹೇಳಿದೆ. ಅವರು ಬಸ್ಸಿನಿಂದ ಇಳಿದಾಗ ಊರಿಗೆ ಊರೇ ಹಲಗೆ ಬಾರಿಸಿಕೊಂಡು ಎದುರುಗೊಂಡಿತು. ಕಲ್ಲವ್ವನ ತಂದೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ.

ಆಟದಲ್ಲಿ ಒಬ್ಬ ಹುಡುಗಿಯ ಕಾಲು ಉಳುಕಿ ಬಾತಿತ್ತು. ವಿಮಲಾಬಾಯಿ ಅವಳನ್ನು ಹುಬ್ಬಳ್ಳಿಯ ದವಾಖಾನೆಗೆ ಕರೆದೊಯ್ದ ದಿನವೇ ಶಿಕ್ಷಣಾಧಿಕಾರಿ ಸಾಹೇಬರ ಜೀಪು ಶಾಲೆಯ ಮುಂದೆ ನಿಂತಿತು. ಹಿಗ್ಗಿಹೋಗಿದ್ದರು ಸಾಹೇಬರು.

"ಇಂಥ ಹಳ್ಳಿಯ ಹುಡುಗಿಯರು ಜಿಲ್ಲೆಗೆ ಮೊದಲು ಬಂದರೆಂದರೆ ಸಣ್ಣ ಮಾತೇ! ಯಾರು ಇದರ ಹಿಂದೆ ಇರುವವರು?"

ಹೆಸರು ನಾಲಿಗೆಯ ತುದಿಯಲ್ಲಿತ್ತು. ನಾನು ಹೇಳಿದ್ದು ಬೇರೆ:

"ಎಲ್ಲಾರೂ ಕೂಡಿ ಮಾಡಿದ್ದ್ರಿ ಸಾಹೇಬ್ರ. ಆದ್ರ ಮೊದಲಿಂದ ನಂದ ಉಸ್ತುವಾರಿ ಇತ್ರಿ."

"ಹಾಗಾದರೆ ಸಮಾರಂಭದಲ್ಲಿ ನಿಮ್ಮನ್ನೇ ಗೌರವಿಸೋಣ."

ಆಗಲಾದರೂ ಬೇಡವೆನ್ನಬಹುದಿತ್ತು. ಸಮಾರಂಭಕ್ಕೆ ಇನ್ನೂ ಎಷ್ಟೋ ದಿನಗಳಿದ್ದವು, ಕಲಘಟಗಿಗೆ ಬಸ್ಸುಗಳಿದ್ದವು, ಹೋಗಿ ಒಂದು ಮಾತು ಹೇಳಿ ಬರಬಹುದಿತ್ತು. ಹೋಗಲಿಲ್ಲ. ಧೋತರಕ್ಕೆ ಇಸ್ತ್ರಿ ಮಾಡಿಸಲು ಮಾತ್ರ ಮರೆಯಲಿಲ್ಲ.

ಪೆಂಡಾಲು ತುಂಬಿತ್ತು. ಏಳನೆಯ ಇಯತ್ತೆಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳಿಗೆ, ಚಿತ್ರ ಬರೆದವರಿಗೆ, ಹಾಡಿದವರಿಗೆ ಬಹುಮಾನಗಳಾದವು. ನಮ್ಮ ಹುಡುಗಿಯರಿಗೆ ಸ್ಟೀಲಿನ ತಾಟು ಕೊಟ್ಟರು. ಆಮೇಲೆ ಧ್ವನಿವರ್ಧಕದಲ್ಲಿ ನನ್ನ ಹೆಸರು — "ಹೆಣ್ಣುಮಕ್ಕಳನ್ನು ಹೊಸ್ತಿಲಾಚೆಗೆ, ಮೈದಾನಕ್ಕೆ ಕರೆತಂದ ಧೀಮಂತ ಮುಖ್ಯಾಧ್ಯಾಪಕರು." ನಾನು ಎದ್ದೆ. ಮೆಟ್ಟಿಲು ಹತ್ತಿದೆ. ಹಾರ ಬಿತ್ತು, ಶಾಲು ಬಿತ್ತು. ಆಗ ಹಿಂದುಗಡೆಯಿಂದ ಒಂದು ದನಿ, ಚಪ್ಪಾಳೆಯನ್ನು ಸೀಳಿಕೊಂಡು:

"ಅವರಲ್ರೀ! ನಮ್ಮ ಅಕ್ಕೋರು ಆಡಿಸಿದ್ದು!"

ಕಲ್ಲವ್ವ. ಜಮಖಾನೆಯ ಮೇಲೆ ಎದ್ದು ನಿಂತುಬಿಟ್ಟಿದ್ದಳು. ಯಾರೋ "ಏ, ಕುಂಡ್ರ ಬೇ" ಎಂದು ಗದರಿದರು. ಒಂದಿಷ್ಟು ಜನ ನಕ್ಕರು. ವಿಮಲಾಬಾಯಿ ಅವಳ ಕೈ ಹಿಡಿದು ಕೆಳಗೆ ಕೂರಿಸಿಕೊಂಡರು. ನಾನು ಆ ಕಡೆ ನೋಡದೆ ಸಾಹೇಬರಿಗೆ ಕೈಮುಗಿದೆ.

ಮರಳುವಾಗ ಬಸ್ ನಿಲ್ದಾಣದಲ್ಲಿ ಅವರಾಗಿಯೇ ನನ್ನ ಹತ್ತಿರ ಬಂದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿ ಎಂದೂ ಅಂದುಕೊಂಡೆ.

"ಸರ್, ಬರೂ ವರ್ಷನೂ ಹುಡುಗ್ಯಾರಿಗೆ ಆಡ್ಲಿಕ್ಕೆ ಬಿಡ್ರಿ. ನನಗ ಅಷ್ಟ ಸಾಕು," ಎಂದರು.

"ಬಿಡದ ಇರ್ತೀನೇನ್ರಿ," ಎಂದೆ.

ಬಿಡಲಿಲ್ಲ. ಇದನ್ನು ನಾನು ಯಾವ ವೇದಿಕೆಯ ಮೇಲೂ ಹೇಳಿಲ್ಲ. ಆ ಹುಡುಗಿಯರು ಆಡುವುದನ್ನು ನೋಡಿದಾಗಲೆಲ್ಲ ಪೆಂಡಾಲಿನಲ್ಲಿ ಎದ್ದು ನಿಂತ ಕಲ್ಲವ್ವನೇ ಕಣ್ಣಿಗೆ ಬರುತ್ತಿದ್ದಳು. ಮುಂದಿನ ಮಳೆಗಾಲಕ್ಕೆ ಶಾಲೆಗೊಂದು ಕೈತೋಟ ಮಾಡಬೇಕೆಂದು ಮೇಲಿನಿಂದ ಸೂಚನೆ ಬಂತು. ಹಿಂದುಗಡೆ ಬಾವಿಯ ಹತ್ತಿರ ಬೇಕಾದಷ್ಟು ಜಾಗವಿತ್ತು. ನಾನು ಮುಂದಿನ ಬಯಲನ್ನೇ ಅಗೆಸಿದೆ. ಕಂಬ ಕೀಳಿಸಿದೆ. ಬದನೆ, ಮೆಂತ್ಯೆ, ಹೀರೆ ಹಾಕಿಸಿದೆ.

"ಹಿಂದಿನ ಜಾಗಾ ಖಾಲಿ ಅದ ಅಲ್ರಿ ಸರ್?" ವಿಮಲಾಬಾಯಿ ಕೇಳಿದರು.

"ಅಲ್ಲಿ ನೀರು ಸರಿಯಾಗಿ ಹಾಯೂದಿಲ್ರಿ."

ಬಾವಿ ಅಲ್ಲೇ ಇತ್ತು. ಇಬ್ಬರೂ ಬಾವಿಯನ್ನು ನೋಡುತ್ತಲೇ ಮಾತಾಡಿದೆವು.

ಬದನೆ ಚೆನ್ನಾಗಿ ಬಂತು. ಆ ವರ್ಷದ ಸಮಾರಂಭದಲ್ಲಿ ಮಾದರಿ ಶಾಲಾತೋಟಕ್ಕಾಗಿ ನನಗೆ ಮತ್ತೊಮ್ಮೆ ಸನ್ಮಾನವಾಯಿತು. ವಿಮಲಾಬಾಯಿ ವರ್ಗ ಕೇಳಿಕೊಂಡು ಕುಂದಗೋಳ ತಾಲೂಕಿಗೆ, ಯರಗುಪ್ಪಿಯ ಕಡೆಯ ಒಂದು ಹಳ್ಳಿಗೆ ಹೊರಟುಹೋದರು. ಆಟವಿಲ್ಲದ ಶಾಲೆಗೆ ಹುಡುಗಿಯರು ಬರುವುದನ್ನು ನಿಲ್ಲಿಸಿದರು — ಮೊದಲು ಕಲ್ಲವ್ವ, ಆಮೇಲೆ ಉಳಿದವರು. ಕಲ್ಲವ್ವನ ಮದುವೆಯ ಊಟಕ್ಕೆ ನಾನೂ ಹೋಗಿದ್ದೆ. ಗುರುಗಳು ಬಂದರೆಂದು ಅವಳ ತಂದೆ ನನಗೆ ಚಾಪೆಯ ಮೇಲೆ ಬೇರೆ ಜಾಗ ಮಾಡಿಕೊಟ್ಟ.

ಆ ದಶಕ ಮುಗಿಯುವುದರೊಳಗೆ, ತಡೆಯಲಾರದೆ, ಒಮ್ಮೆ ಆ ಯರಗುಪ್ಪಿಯ ಕಡೆಗೂ ಹೋದೆ. ಹಿಂದಿನ ದಿನ ಮಳೆಯಾಗಿತ್ತು. ಎರೆಮಣ್ಣು ಚಪ್ಪಲಿಗೆ ಮೆತ್ತಿ, ಒಂದೊಂದು ಹೆಜ್ಜೆಗೂ ನಿಂತು ಕೆರೆದುಕೊಳ್ಳುತ್ತ ಶಾಲೆ ಮುಟ್ಟಿದೆ. ವಿಮಲಾಬಾಯಿ ಅಲ್ಲಿಯೂ ಹುಡುಗಿಯರನ್ನು ಆಡಿಸುತ್ತಿದ್ದರು. ನಿಂತಲ್ಲೇ ಎಲ್ಲವನ್ನೂ ಹೇಳಿದೆ: ಹೊಲಕ್ಕೆ ಹೋದದ್ದು, ಸಾಹೇಬರಿಗೆ ಹೇಳಿದ್ದು, ಬದನೆಯ ಸಸಿ. ಅವರು ಪೂರ್ತಿ ಕೇಳಿಸಿಕೊಂಡರು.

"ನನಗ್ಯಾಕ ಹೇಳ್ತೀರಿ ಸರ್? ನನಗ ಎಲ್ಲಾ ಗೊತ್ತದ. ಗೊತ್ತಿಲ್ಲದವರಿಗೆ ಹೇಳ್ರಿ."

ಅಷ್ಟು ಹೇಳಿ ಸೀಟಿ ಊದಿ ಆಟಕ್ಕೆ ತಿರುಗಿದರು.

ಸರಿ, ಗೊತ್ತಿಲ್ಲದವರಿಗೇ ಹೇಳೋಣವೆಂದು ಹೊರಟೆ. ನೋಡಿ ನನ್ನ ಗತಿ! ಒಂದು ಗೌರವ ಬಂದವನಿಗೆ ಹತ್ತು ಗೌರವಗಳು ಹಿಂಬಾಲಿಸಿ ಬರುತ್ತವೆ. ಮುಂದಿನ ಸಮಾರಂಭದಲ್ಲಿ ಮೈಕಿನ ಮುಂದೆ ನಿಂತು, "ಆ ಹುಡುಗಿಯರನ್ನು ಗೆಲ್ಲಿಸಿದವನು ನಾನಲ್ಲ, ವಿಮಲಾಬಾಯಿ ಎಂಬ ಶಿಕ್ಷಕಿ" ಎಂದೆ. ಕೆಳಗಿಳಿಯುವ ಮೊದಲೇ ಚಪ್ಪಾಳೆ. ಅಧ್ಯಕ್ಷರು ಎದ್ದು, "ತಮ್ಮ ಯಶಸ್ಸನ್ನು ಸಹೋದ್ಯೋಗಿಗೆ ಒಪ್ಪಿಸುವ ಈ ದೊಡ್ಡ ಗುಣ ನೋಡಿ ಕಲಿಯಿರಿ" ಎಂದು ಕಿರಿಯ ಶಿಕ್ಷಕರಿಗೆ ಬುದ್ಧಿ ಹೇಳಿದರು. ಮತ್ತೊಂದು ಕಡೆ ಹೇಳಿದೆ — ಅಲ್ಲಿಯೂ ಅದೇ. ನನಗೆ ಮೈಕನ್ನು ಕಿತ್ತು ಎಸೆಯಬೇಕೆನಿಸುತ್ತಿತ್ತು. ಅಯ್ಯೋ, ಇದು ವಿನಯವಲ್ಲ, ನಿಜ! ಎಂದು ಕೂಗಿದರೆ ಅದನ್ನೂ ವಿನಯವೆಂದೇ ತಿಳಿಯುತ್ತಿದ್ದರು.

ಜನರ ಮೇಲೆ ಸಿಟ್ಟಾಗಿ ಎಷ್ಟೋ ವರ್ಷ ಕಳೆದೆ. ಆದರೆ ನಾನು ಅವರಿಗೆ ಹೇಳುತ್ತಿದ್ದುದಾದರೂ ಏನು? ಅಕ್ಕೋರು ಗೆಲ್ಲಿಸಿದರು ಎಂದೆ; ನಾನು ಕೆಡಿಸಲು ಹೋದೆ ಎನ್ನಲಿಲ್ಲ. ಅವರ ಹೆಸರು ಹೇಳಿದೆ. ಕಂಬ ಕೀಳಿಸಿದ್ದು ಹೇಳಲಿಲ್ಲ. ಚಪ್ಪಾಳೆ ಬೀಳುವಲ್ಲಿಗೆ ಸರಿಯಾಗಿ ನಿಲ್ಲಿಸುತ್ತಿದ್ದೆ. ಅರ್ಧ ಹೇಳುತ್ತಿದ್ದೆ; ಉಳಿದರ್ಧಕ್ಕೆ ನಾಲಿಗೆ ಏಳುತ್ತಿರಲಿಲ್ಲ. ಈ ನಡುವೆ ವಿಮಲಾಬಾಯಿಯವರು ತೀರಿಕೊಂಡರೆಂದು ಯಾರೋ ಹೇಳಿದರು. ಅವರಿಗೆ ಯಾವ ಸಮಾರಂಭದಲ್ಲೂ ಯಾರೂ ಒಂದು ಹಾರ ಹಾಕಿದ್ದು ನಾನು ಕೇಳಲಿಲ್ಲ.

ನಿವೃತ್ತನಾದ ಮೇಲೆ, ಹೋದ ಬೇಸಿಗೆಯಲ್ಲಿ, ಕಲಘಟಗಿಯಲ್ಲಿ ಹುಬ್ಬಳ್ಳಿಯ ಬಸ್ಸಿಗೆ ನಿಂತಿದ್ದೆ. ಒಬ್ಬ ಹೆಣ್ಣುಮಗಳು ಬಂದು ಕಾಲು ಮುಟ್ಟಿದಳು. ಕಲ್ಲವ್ವ. ಜೊತೆಯಲ್ಲಿ ಶಾಲೆಗೆ ಹೋಗುವ ವಯಸ್ಸಿನ ಕಿರಿಯ ಮಗಳು.

"ಇವರಿಗೆ ನಮಸ್ಕಾರ ಮಾಡವಾ. ನಮ್ಮ ಹೆಡ್‌ಮಾಸ್ತರು. ನಾ ಖೋ ಖೋ ಆಡ್ತಿದ್ದೆ ಅಂತ ಹೇಳ್ತೀನಲ್ಲ, ಇವರ ನಮ್ಮನ್ನ ಆಡಿಸಿದವರು."

"ಕಲ್ಲವ್ವಾ, ನಾನಲ್ಲಲ್ಲ? ನೀನ ಅವತ್ತ ಎದ್ದು ನಿಂತು ಹೇಳಿದೆಲ್ಲವಾ," ಎಂದೆ.

ಅವಳು ದನಿ ತಗ್ಗಿಸಿದಳು. "ಗೊತ್ತೈತ್ರಿ ಸರ್. ಮರತೇನೇನ್ರಿ? ಹುಡುಗಿ ಮುಂದ ನಿಮ್ಮ ಮರ್ಯಾದಿ ಹೋಗಬಾರದಂತ ಹಂಗಂದೆ."

ಎದೆಯುಬ್ಬಿಸಿ ನಿಜ ಹೇಳಿದ ಹುಡುಗಿ, ನನಗಾಗಿ ತನ್ನ ಮಗಳ ಮುಂದೆ ಸುಳ್ಳು ಹೇಳುತ್ತಿದ್ದಾಳೆ. ಇನ್ನು ತಡೆಯುವುದು ನನ್ನಿಂದಾಗಲಿಲ್ಲ. ಆ ಮಗುವಿನ ಕಡೆ ತಿರುಗಿದೆ.

"ನಿಮ್ಮವ್ವನ ಆಡಿಸಿದವರು ವಿಮಲಾಬಾಯಿ ಅಂತ ಅಕ್ಕೋರು. ನಾನು ಆ ಆಟ ನಿಲ್ಲಿಸಿದಾಂವ. ಬೇಕಂತಲೇ ಮೈದಾನ ಅಗಿಸಿ ಬದನಿ ಹಚ್ಚಿಸಿದೆ. ಅದಕ್ಕ ನಿಮ್ಮವ್ವ ಸಾಲಿ ಬಿಟ್ಲು."

ಬದನೆಯನ್ನು ಬೇಕಂತಲೇ ಅಲ್ಲಿ ಹಾಕಿಸಿದ್ದೆನೆಂಬ ಮಾತು ಕಲ್ಲವ್ವನಿಗೆ ಗೊತ್ತಿರಲಿಲ್ಲ. ಸರಕಾರದ ಹುಕುಮು ಎಂದೇ ಇಷ್ಟು ವರ್ಷ ತಿಳಿದಿದ್ದಳು — ಅವಳ ಮುಖ ನೋಡಿದಾಗ ಅದು ನನಗೆ ತಿಳಿಯಿತು.

"ಯಾಕ್ರಿ ಅಜ್ಜಾ?" ಎಂದು ಕೇಳಿತು ಆ ಹುಡುಗಿ.

"ಹೊಟ್ಟಿಕಿಚ್ಚಿಗೆ," ಎಂದೆ.

ಕಲ್ಲವ್ವ ಮಗಳ ಕೈ ಹಿಡಿದುಕೊಂಡು, ನನ್ನತ್ತ ತಿರುಗಿ ನೋಡದೆ, ಬಂದು ನಿಂತಿದ್ದ ಬಸ್ಸಿನ ಕಡೆಗೆ ನಡೆದಳು. ನಾನೂ ಅದೇ ಬಸ್ಸಿಗೆ ಹೋಗಬೇಕಾಗಿತ್ತು. ಹತ್ತಲಿಲ್ಲ.