ಬೀಗ ಹಾಕಿಸಿದ ಸುತ್ತೋಲೆ

1998ರ ಜೂನ್‌ನಲ್ಲಿ ನಾನು ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿ.ಇ.ಓ. ಆಗಿ ಹೊಸ ತಾಲೂಕಿಗೆ ಬಂದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಕಡೆ ದುಡಿದವನು ನಾನು. ಇದು ಯಾವ ತಾಲೂಕಿನ ಮಾತು ಎಂದು ಹೇಳುವುದಿಲ್ಲ. ನಾಚಿಕೆ ಪಡಬೇಕಾದವರು ಆ ಊರಿನವರಲ್ಲ.

ಇಲಾಖೆಯ ಏಣಿ ಸರಳವಾಗಿತ್ತು. ವಿಜಾಪುರದಲ್ಲಿ ಉಪನಿರ್ದೇಶಕರು, ತಾಲೂಕಿಗೆ ಬಿ.ಇ.ಓ., ಅವನ ಕೆಳಗೆ ಶಾಲಾ ಇನ್ಸ್‌ಪೆಕ್ಟರ್‌ಗಳು, ತಳದಲ್ಲಿ ಶಾಲೆ. ಮೇಲಿನಿಂದ ಆದೇಶ ಇಳಿಯುತ್ತದೆ, ಕೆಳಗಿನಿಂದ ಮಾಹಿತಿ ಏರುತ್ತದೆ. ಆದೇಶ ಒಂದೇ ದಿನದಲ್ಲಿ ಇಳಿಯುತ್ತಿತ್ತು, ಮಾಹಿತಿ ಏರಲು ತಿಂಗಳು ಬೇಕಾಗುತ್ತಿತ್ತು. ಗಡಿಯಾರ ನೋಡಿ ಊಟ ಮಾಡುವವನಾದ ನನಗೆ ಇದನ್ನು ಸಹಿಸಲಾಗಲಿಲ್ಲ. ಬಂದ ವಾರದಲ್ಲೇ ಸುತ್ತೋಲೆ ಹೊರಡಿಸಿದೆ: ಕೇಳಿದ ಮಾಹಿತಿಯನ್ನು ಗೊತ್ತುಪಡಿಸಿದ ದಿನ ಸಂಜೆಯೊಳಗೆ ‘ಮುದ್ದಾಂ’ ತಲುಪಿಸಬೇಕು. ಮುದ್ದಾಂ ಎಂದರೆ ಅಂಚೆಗೆ ಹಾಕದೆ ಖುದ್ದು ಆಳಿನ ಕೈಯಲ್ಲಿ ಕಳಿಸುವುದು. ಮೂರೇ ತಿಂಗಳಲ್ಲಿ ನಮ್ಮ ತಾಲೂಕಿನ ಮಾಹಿತಿ ಎಲ್ಲರಿಗಿಂತ ಮೊದಲು ವಿಜಾಪುರ ಸೇರತೊಡಗಿತು. ಜಿಲ್ಲಾ ಸಭೆಯಲ್ಲಿ ಹೊಗಳಿಕೆ ಸಿಕ್ಕಿತು. ನಾನು ಉಬ್ಬಿದೆ.

ನವೆಂಬರ್ ಕೊನೆಯಲ್ಲಿ ಹೊಳೆಸಾಲಿನ ಒಂದು ಸಣ್ಣ ಊರಿನಿಂದ ದೂರು ಬಂತು. ‘ನಮ್ಮ ಸಾಲಿ ಯಾವಾಗ ನೋಡಿದರೂ ಕೀಲಿ’, ಅಂದರೆ ಶಾಲೆಗೆ ಸದಾ ಬೀಗ ಎಂದು ಭೀಮಣ್ಣ ಎಂಬ ಹಿರಿಯರು ಬರೆಸಿದ್ದರು. ಇನ್ಸ್‌ಪೆಕ್ಟರರು ಎರಡು ಸಲ ಹೋಗಿದ್ದರು. ಎರಡೂ ಸಲ ಬಾಗಿಲಿಗೆ ಬೀಗ. ಪಂಚನಾಮೆಯೂ ಆಗಿತ್ತು. ಅಲ್ಲಿನ ಶಿಕ್ಷಕಿ ಶಾಂತಾಬಾಯಿಯನ್ನು ಅಮಾನತಿನಲ್ಲಿ ಇಡಲು ಶಿಫಾರಸು ಮಾಡುವ ಪತ್ರ ನನ್ನ ಮೇಜಿಗೆ ಬಂತು. ವಿಧವೆ, ಹದಿನಾಲ್ಕು ವರ್ಷದ ನೌಕರಿ. ಸಹಿಯೊಂದೇ ಬಾಕಿ. ಕಣ್ಣಾರೆ ನೋಡದೆ ಅಮಾನತಿಗೆ ಸಹಿ ಮಾಡುವ ರೂಢಿ ನನಗಿರಲಿಲ್ಲ. ಮರುದಿನ ಹೇಳದೆ ಹೊರಟೆ.

ಅಂದು ಶಾಲೆ ತೆರೆದಿತ್ತು. ಒಂದೇ ಕೋಣೆಯಲ್ಲಿ ಐದು ತರಗತಿ. ಒಂದನೆಯವರು ಅಕ್ಷರ ತಿದ್ದುತ್ತಿದ್ದರು, ನಾಲ್ಕನೆಯವರು ಮಗ್ಗಿ ಒಪ್ಪಿಸುತ್ತಿದ್ದರು. ನನ್ನ ಜೀಪಿನ ಸದ್ದಿಗೆ ಭೀಮಣ್ಣನವರೂ ಬಂದರು.

“ಕೀಲಿ ಹಾಕ್ಕೊಂಡು ಎಲ್ಲಿಗೆ ಹೋಗ್ತೀರಿ ಅಕ್ಕೋರ?” ಎಂದೆ, ಗಡುಸಾಗಿಯೇ.

ಶಾಂತಾಬಾಯಿ ಪೆಟ್ಟಿಗೆಯಿಂದ ಚಲನವಲನ ವಹಿಯನ್ನು ತೆಗೆದು ನನ್ನ ಮುಂದಿಟ್ಟರು. ಕೆಲಸದ ವೇಳೆಯಲ್ಲಿ ಶಾಲೆ ಬಿಟ್ಟು ಹೋಗುವವರು ಕಾರಣ ಬರೆಯುವ ಪುಸ್ತಕ ಅದು. ಪಕ್ಕದಲ್ಲೇ ನಮ್ಮ ಕಚೇರಿಯ ಮುದ್ರೆಯಿದ್ದ ಸ್ವೀಕೃತಿ ಚೀಟಿಗಳ ಕಟ್ಟು.

“ಓದ್ರಿ ಸಾಹೇಬ್ರ. ಎಲ್ಲಾ ನೀವು ಕರದದ್ದ ಐತಿ.”

ಓದಿದೆ. ಜೂನ್‌ನಿಂದ ಹತ್ತೊಂಬತ್ತು ದಿನ ಆಕೆ ನಮ್ಮ ಕಚೇರಿಗೆ ಬಂದಿದ್ದರು. ಕಿಟಕಿಗಳ ಸಂಖ್ಯೆ, ಮುದ್ದಾಂ. ಗಿಡಗಳ ಸಂಖ್ಯೆ, ಮುದ್ದಾಂ. ನಮೂನೆ ಬದಲಾಗಿದೆ ಎಂದು ಮತ್ತೆ ಕಿಟಕಿಗಳ ಸಂಖ್ಯೆ. ಆ ಊರಿನಿಂದ ಬೆಳಿಗ್ಗೆ ಎಂಟಕ್ಕೆ ಒಂದು ಬಸ್ಸು, ಸಂಜೆ ಮರಳುವುದೂ ಅದೇ. ಒಂದು ಚೀಟಿ ಕೊಡಲು ಒಂದು ದಿನ. ಜವಾನನಿಲ್ಲದ ಶಾಲೆಯಲ್ಲಿ ಆ ‘ಆಳು’ ಯಾರು ಎಂದು ನಾನು ಯೋಚಿಸಿಯೇ ಇರಲಿಲ್ಲ.

ಇನ್ಸ್‌ಪೆಕ್ಟರರು ಬೀಗ ಕಂಡ ಎರಡನೆಯ ದಿನದ ನಮೂದು ಹುಡುಕಿದೆ. ಅಂದು ಆಕೆ ನಮ್ಮ ಕಚೇರಿಗೆ ತಂದುಕೊಟ್ಟಿದ್ದ ಕಾಗದ ಹೀಗಿತ್ತು: ‘ಈ ಅವಧಿಯಲ್ಲಿ ಶಾಲೆಯನ್ನು ಒಂದು ದಿನವೂ ಮುಚ್ಚಿಲ್ಲವೆಂದು ದೃಢೀಕರಿಸಲಾಗಿದೆ.’ ಕೇಳಿದವನು ನಾನು. ಮುದ್ದಾಂ ತರಲು ಹೇಳಿದವನೂ ನಾನೇ.

“ನಾ ಬರಸಿದ್ದು ಸಾಲಿಗೆ ಕೀಲಿ ಬಿದ್ದೈತಿ ಅಂತ್ರಿ,” ಎಂದರು ಭೀಮಣ್ಣ. “ಅಕ್ಕೋರು ಮನ್ಯಾಗ ಮಲಗ್ಯಾರ ಅಂತ ಬರಸಿಲ್ಲ. ವಾರಕ್ಕೊಮ್ಮಿ ಕರಿಯಾಕ ನಿಮ್ಮ ಆಫೀಸಿನ್ಯಾಗ ಏನ ಮದುವಿ ನಡದಿರ್ತೈತೇನ್ರಿ?”

ಆ ಶಾಲೆಗೆ ಎರಡು ಹುದ್ದೆ ಇದ್ದವು. “ಇನ್ನೊಬ್ಬ ಮಾಸ್ತರ ಎಲ್ಲಿ?” ಎಂದು ಕೇಳಿದೆ.

ಶಾಂತಾಬಾಯಿ ಸ್ವೀಕೃತಿ ಚೀಟಿಯೊಂದನ್ನು ತಿರುಗಿಸಿ ಮುದ್ರೆಯ ಕೆಳಗಿನ ಚಿಕ್ಕ ಸಹಿ ತೋರಿಸಿದರು. ಗುರಪ್ಪ. ಎರಡು ವರ್ಷದಿಂದ ನಮ್ಮ ಟಪಾಲು ಮೇಜಿನಲ್ಲಿ ‘ನಿಯೋಜನೆ’ಯ ಮೇಲಿದ್ದ, ಅಂದರೆ ಸಂಬಳ ಶಾಲೆಯ ಹೆಸರಿನಲ್ಲಿ, ಕೆಲಸ ಕಚೇರಿಯಲ್ಲಿ. ಅಕ್ಷರ ಮುತ್ತಿನಂತೆ ಎಂದು, ಯಾವ ಶಾಲೆಯವನೆಂದು ಕೂಡ ಕೇಳದೆ, ನಾನೇ ಅವನನ್ನು ಮುಂದುವರಿಸಿದ್ದೆ.

“ಬಾಳ ಮರ್ಯಾದಿ ಮನಶ್ಯಾರಿ,” ಎಂದರು ಆಕೆ. “ನಾ ಹೋದಾಗೊಮ್ಮಿ ಕುರ್ಚಿ ಕೊಡ್ತಾನ. ಸಾಲಿ ಹೆಂಗ ನಡದೈತ್ರಿ ಅಕ್ಕೋರ ಅಂತ ಕೇಳ್ತಾನ.”

ಭೀಮಣ್ಣ ನಕ್ಕರು. ನಾವು ಆ ಶಾಲೆಯ ಒಬ್ಬ ಶಿಕ್ಷಕನನ್ನು ಕಿತ್ತು ತಂದು, ಇನ್ನೊಬ್ಬಳನ್ನು ಅವನ ಬಳಿಗೇ ಓಡಾಡಿಸಿ, ಕೊನೆಗೆ ಬಾಗಿಲು ಮುಚ್ಚಿದ್ದಕ್ಕೆ ಪಂಚನಾಮೆ ಮಾಡಿದ್ದೆವು.

ಕಚೇರಿಗೆ ಮರಳಿ ಗುರಪ್ಪನ ನಿಯೋಜನೆ ರದ್ದುಮಾಡಿದೆ, ಮುದ್ದಾಂ ಸುತ್ತೋಲೆ ಹಿಂಪಡೆದೆ. ಇನ್ನು ಮುಂದೆ ಇನ್ಸ್‌ಪೆಕ್ಟರರೇ ತಿಂಗಳಿಗೊಮ್ಮೆ ಮಾಹಿತಿ ತರಬೇಕೆಂದು ಬರೆಸಿದೆ. ಆದರೆ ಪಂಚನಾಮೆಯ ಪ್ರತಿ ಆಗಲೇ ಜಿಲ್ಲೆಗೂ ಹೋಗಿತ್ತು, ಅಮಾನತಿನ ಕಡತಕ್ಕೆ ಉತ್ತರ ಬರೆಯಲೇಬೇಕಿತ್ತು. ಕಚೇರಿ ಅಧೀಕ್ಷಕರು ಪೆನ್ನು ಹಿಡಿದು ನಿಂತರು.

“ಸಾಹೇಬ್ರ, ತಪ್ಪು ಯಾರದಂತ ಬರೀಲ್ರಿ?”

“ನನ್ನದಂತ ಬರೀರಿ.”

“ಹಂಗ ಬರಿಯಾಕ ನಮೂನಿ ಇಲ್ರಿ. ಶಿಕ್ಷಕರ ಹೆಸರು ಅಂತ ಒಂದ ಕಾಲಮ್ ಐತಿ.”

ಬೇರೆ ಹಾಳೆಯಲ್ಲಿ ಎಲ್ಲವನ್ನೂ ವಿವರಿಸಿ ಕಳಿಸಿದೆ. ಜನವರಿಯಲ್ಲಿ ಉತ್ತರ ಬಂತು. ಅಮಾನತು ಬೇಡ. ಆದರೆ ಬದಲಿ ವ್ಯವಸ್ಥೆ ಮಾಡದೆ ಶಾಲೆ ಬಿಟ್ಟದ್ದಕ್ಕೆ ಶಿಕ್ಷಕಿಗೆ ಲಿಖಿತ ಎಚ್ಚರಿಕೆ ಕೊಡಬೇಕು, ಸೇವಾ ಪುಸ್ತಕದಲ್ಲಿ ನಮೂದಿಸಬೇಕು. ನನ್ನ ಬಗ್ಗೆ ಒಂದಕ್ಷರವೂ ಇರಲಿಲ್ಲ. ವಿರೋಧಿಸಿ ಮತ್ತೊಮ್ಮೆ ಬರೆದೆ. ಅದಕ್ಕೆ ಉತ್ತರವೇ ಬರಲಿಲ್ಲ, ಎಚ್ಚರಿಕೆಯನ್ನು ಇನ್ನೂ ಏಕೆ ಕೊಟ್ಟಿಲ್ಲ ಎಂಬ ನೆನಪೋಲೆ ಮಾತ್ರ ಬಂತು. ಕೊನೆಗೆ ಆ ಎಚ್ಚರಿಕೆಗೆ ಸಹಿ ಮಾಡಿದೆ. ಮಾಡಬಾರದಿತ್ತು.

ಅದನ್ನು ಸ್ವೀಕರಿಸಲು ಶಿಕ್ಷಕಿ ಖುದ್ದು ಕಚೇರಿಗೆ ಬರಬೇಕು ಎಂಬುದು ಪದ್ಧತಿ. ಅದೊಂದನ್ನು ಮಾತ್ರ ನಾನು ನಡೆಸಲಿಲ್ಲ. ಲಕೋಟೆಯನ್ನು ನಾನೇ ಒಯ್ದೆ. ಗುರಪ್ಪ ಆಚೆ ಮೂಲೆಯಲ್ಲಿ ಮೂರನೆಯವರಿಗೆ ಕಾಪಿ ಬರೆಸುತ್ತಿದ್ದ. ಶಾಂತಾಬಾಯಿ ನಿಂತಲ್ಲೇ ಓದಿ, ಸೀಮೆಸುಣ್ಣದ ಕೈಯಿಂದಲೇ ಸಹಿ ಹಾಕಿದರು.

“ನೀವ ಬಂದ್ರಲ್ಲ, ಚಲೋ ಆತ್ರಿ,” ಎಂದರು. “ನನ್ನ ಕರಸಿದ್ರ ಇವತ್ತೂ ಅರ್ಧ ಸಾಲಿಗೆ ಕೀಲಿ ಬೀಳ್ತಿತ್ತು.”

ಮಗ್ಗಿ ಮುಂದುವರಿಯಿತು. ನಾನು ನಿವೃತ್ತನಾಗಿ ವರ್ಷಗಳಾದವು. ಶಿಸ್ತಿನ ಮೇಲೆ ನನಗೆ ಇಂದಿಗೂ ನಂಬಿಕೆಯಿದೆ, ಆದರೆ ಅದನ್ನು ಅಳೆಯುವ ಜಾಗ ಕಚೇರಿಯ ಟಪಾಲು ಮೇಜಲ್ಲ ಎಂದು ಕಲಿಸಿದ್ದು ಆ ಶಾಲೆ. ಅಲ್ಲಿಂದೀಚೆ ಯಾವ ಸುತ್ತೋಲೆಗೆ ಸಹಿ ಮಾಡುವ ಮೊದಲೂ ಒಂದೇ ಪ್ರಶ್ನೆ ಕೇಳಿಕೊಂಡೆ: ಇದರಿಂದ ಎಷ್ಟು ಬಾಗಿಲಿಗೆ ಕೀಲಿ ಬೀಳುತ್ತದೆ? ಆಕೆಯ ಸೇವಾ ಪುಸ್ತಕದಲ್ಲಿ ಆ ಎಚ್ಚರಿಕೆ ಹಾಗೆಯೇ ಉಳಿಯಿತು. ನನ್ನ ಸೇವಾ ಪುಸ್ತಕದಲ್ಲಿ, ಅದೇ ವರ್ಷದ ಪುಟದಲ್ಲಿ, ‘ಮಾಹಿತಿ ಸಲ್ಲಿಕೆಯಲ್ಲಿ ಉತ್ತಮ’ ಎಂದಿದೆ.